ವೀಬೋ ಕೌಂಟಿಯ ಹನ್ನೊಂದು

ರಾತ್ರಿ ಪಾಳಿ. ಲಾಂಡ್ರಿಯಲ್ಲಿ ಒಂದೇ ಯಂತ್ರ ತಿರುಗುತ್ತಿದೆ,
ಯಾರೋ ರೈಲ್ವೆಯವನ ಕೋಟಿನ ಗುಂಡಿ
ಗಾಜಿಗೆ ಟಕ್ ಟಕ್.
ತೊಡೆಯ ಮೇಲೆ ಲ್ಯಾಪ್‌ಟಾಪ್. ನಾನು
ಅಧ್ಯಕ್ಷ ಪದವಿಗೆ ನಿಂತಿದ್ದೇನೆ.

ಕೆಂಪು ಬೇಡ, ನೀಲಿಯೂ ಬೇಡವೆಂದರೆ
ಆಟ ಕೊಡುವುದು ಸಾಸಿವೆ ಬಣ್ಣ,
ಒಂದು ಹಳೇ ಬಸ್ಸು, ಹನ್ನೆರಡು ಸಾವಿರ ಡಾಲರು.
ಅಭ್ಯರ್ಥಿಗೆ ಅಕ್ಕನ ಹೆಸರಿಟ್ಟೆ: ಆರ್ಲಿಸ್ ಟ್ವೇಟ್,
ಶಾಲಾ ಮಂಡಳಿಗೆ ಎರಡು ಸಲ ನಿಂತು
ಎರಡು ಸಲವೂ ಸೋತವಳು.
ಅವಳಿಗೆ ಹೇಳಿಲ್ಲ.

ಒಹಾಯೋದಲ್ಲಿ ಭಾಷಣ ಮಾಡಿದೆ, ಯಾರೂ ಬರಲಿಲ್ಲ.
ಚರ್ಚೆಯ ಗುಂಡಿ ಒತ್ತಿದೆ, ಅದು ಬೂದು, ಒತ್ತಲಾಗದು.
ಅವರಿಬ್ಬರೂ ಟೀವಿ ಕೊಂಡರು, ವಿಮಾನ ಕೊಂಡರು;
ನಾನು, ಅಂಗಳಕ್ಕೆ ನೆಡುವ ಫಲಕ, ಮುನ್ನೂರು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಒಂದೇ ಕ್ಲಿಕ್ಕಿಗೆ ನವೆಂಬರ್ ಬಂತು.
ನಕ್ಷೆಯಲ್ಲಿ ಸಾಸಿವೆ
ಸಾಸಿವೆಯಷ್ಟೂ ಇಲ್ಲ.
ಮುಚ್ಚುವ ಮುನ್ನ ನಮ್ಮ ಊರಿನ ಮೇಲೆ ಬಾಣ ಇಟ್ಟೆ:
ವೀಬೋ ಕೌಂಟಿ, ಮೊಂಟಾನಾ. ಹನ್ನೊಂದು ಮತ.

ಯಾರಿವರು?
ಯಂತ್ರ ಉದುರಿಸಿದ ಅಂಕಿ, ಗೊತ್ತು. ಆದರೂ
ಹೆಪ್ಪುಗಟ್ಟಿದ ಗಾಜು ಕೆರೆದು, ಪಿಕಪ್ಪು ಕೆಮ್ಮಿಸಿ,
ಗೆಲ್ಲುವುದಿಲ್ಲವೆಂದು ಬಲ್ಲವರು
ಸಾಲಿನಲ್ಲಿ ನಿಂತರಲ್ಲ,
ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಎದುರು ಸಿಕ್ಕರೆ
ಹವೆಯ ಮಾತಾಡಿ ಹೋಗುವವರು.
ಎದುರುಮನೆಯ ಡಾಗ್ನಿಯೇ? ಸ್ಮಶಾನ ಕಾಯುವ ಓರಿನ್ನನೇ?
ಅಕ್ಕನೇ ಹಾಕಿದ್ದಾಳೋ ಇಲ್ಲವೋ.

ರೈಲ್ವೆಯವನು ಹಿಮ ಕೊಡವುತ್ತ ಒಳಬಂದ.
ಒಣಗಿಸುವ ಯಂತ್ರಕ್ಕೆ ಅವನಲ್ಲಿ
ಒಂದು ಬಿಲ್ಲೆ ಕಡಿಮೆ ಬಿತ್ತು.
ನಾನೇ ಹಾಕಿದೆ.
ಯಾಕೆ ಎಂಬಂತೆ ನೋಡಿದ.

ಇನ್ನು ಹತ್ತು ಮಂದಿ.