ಮೊತ್ತದ ಸಾಲು

ಮೆಕ್ಕೆಜೋಳದ ಹೊಟ್ಟು ಹಾರಿ
ಬಲಗಣ್ಣಿಗೆ ಬಿತ್ತು. ಅಷ್ಟೇ ಆದದ್ದು.
ಕಣ್ಣು ಮುಚ್ಚಿ ಉಜ್ಜಿಕೊಳ್ಳುತ್ತ
ಎಡಗಣ್ಣಲ್ಲೇ ಖಾತೆಪುಸ್ತಕ ನೋಡಿದೆ:
ರೈತರ ಹೆಸರಿದೆ, ಚೀಲದ ಲೆಕ್ಕವಿದೆ,
ಹಮಾಲಿ ಇದೆ, ತೂಕದ ಕೂಲಿ ಇದೆ,
ಪುಟದಡಿಯ ಮೊತ್ತ ಮಾತ್ರ ಇಲ್ಲ.

ಮಸಿ ಚೆಲ್ಲಿತೆಂದು ಬೆರಳಿಂದ ಒರೆಸಹೋದೆ.
ಅಲ್ಲಿ ಬೆರಳೂ ಇಲ್ಲ.

ಇಪ್ಪತ್ತೊಂಬತ್ತು ವರ್ಷ ದಲಾಲಿ ಅಂಗಡಿಯಲ್ಲಿ
ಒಂದು ಸೊನ್ನೆ ಆಚೀಚೆ ಬರೆದವನಲ್ಲ ನಾನು.
ಯಾವಾಗ ಹೋಯಿತು ಈ ಅರ್ಧ?
ನಿನ್ನೆಯೋ, ಸೀಗೆ ಹುಣ್ಣಿಮೆಗೋ?
ನೋವಿಲ್ಲ, ಕೆಂಪಿಲ್ಲ, ಒಂದು ಹನಿ ನೀರಿಲ್ಲ.
ಎರಡರ ಕೂಲಿಯನ್ನೂ ಒಂದೇ ಮಾಡಿಕೊಂಡು
ಬಲಗಣ್ಣು ಬಾಯಿಬಿಡದೆ ಇದ್ದಿತ್ತು.

"ಪೊರೆ ಇರಬೇಕು ಬಿಡೋ ಗುರುಸಿದ್ದ,"
ಅಂದರು ಸಾಹುಕಾರರು, ತಕ್ಕಡಿಯಿಂದ ತಲೆಯೆತ್ತದೆ.

ಪಿ.ಜೆ. ಬಡಾವಣೆಯ ಕಣ್ಣಾಸ್ಪತ್ರೆ.
ಹನಿ ಬಿಟ್ಟು, ಪಾಪೆ ಅಗಲಿಸಿ,
ಗಲ್ಲ ಊರಿಸಿ ಫೋಟೋ ತೆಗೆದರು.
ಕಂಪ್ಯೂಟರಿನಲ್ಲಿ ನನ್ನ ಕಣ್ಣಿನ ಹಿಂಗೋಡೆ:
ಬಸ್‌ಸ್ಟ್ಯಾಂಡಿನ ಮೂಲೆಯಂತೆ
ಯಾರೋ ಎಲೆ ಅಡಿಕೆ ಉಗಿದು ಹೋಗಿದ್ದಾರೆ.

"ರಕ್ತ ತರುವ ನಾಳ, ಒಯ್ಯುವ ನಾಳ,
ಇಲ್ಲಿ ನೋಡಿ, ಒಂದರ ಮೇಲೊಂದು ಹಾಯುತ್ತವೆ."
ಡಾಕ್ಟರಮ್ಮ ಪೆನ್ನಿನ ತುದಿಯಿಟ್ಟರು.
"ಎರಡಕ್ಕೂ ಇರೋದು ಒಂದೇ ಹೊದಿಕೆ.
ತರುವುದು ಪೆಡಸಾದರೆ ಒಯ್ಯುವುದರ ಎದೆ ಮೇಲೆ ಕೂರುತ್ತೆ.
ಅಶೋಕ ಟಾಕೀಸ್ ಹತ್ತಿರದ ಗೇಟ್ ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಗೇಟು ಬಿತ್ತೆಂದರೆ
ಹಳೇ ಊರು ಇತ್ತ, ಹೊಸ ಊರು ಅತ್ತ,
ಆಟೋ, ಬೈಕು, ಬಾಳೆಹಣ್ಣಿನ ತಳ್ಳುಗಾಡಿ,
ಹಿಂದಿನವರು ಒತ್ತಿ ಒತ್ತಿ
ಮುಂದಿನವರು ಚರಂಡಿಗಿಳಿಯುವುದು.
ಇಳಿದದ್ದೇ ಆ ಎಲೆ ಅಡಿಕೆ.

ಬಿಪಿ ಇದೆಯಾ?
ಇತ್ತು, ಅಂದೆ.
ಇತ್ತು ಅಂದರೆ?
ಮಾತ್ರೆ ನುಂಗಿದೆ, ಇಳೀತು, ಬಿಟ್ಟೆ.
ಆಕೆ ಬೈಯಲಿಲ್ಲ. ಬರೆದುಕೊಂಡರು.
ಬೈದಿದ್ದರೆ ಚೆನ್ನಾಗಿತ್ತು.

ಸಕ್ಕರೆ?
ಅಪ್ಪನಿಗಿತ್ತು. ನಾನು ನೋಡಿಸಿಲ್ಲ.
ಬೀಡಿ?
ಲಾರಿ ತುಂಬುವಾಗ ಮಾತ್ರ.
ಲಾರಿ ದಿನಕ್ಕೆ ಎಷ್ಟು?
ಸುಗ್ಗಿಯಲ್ಲಿ ಹದಿನಾಲ್ಕು.
ರಕ್ತದ ಕೊಬ್ಬು? ಕಣ್ಣೊಳಗಿನ ಒತ್ತಡ?
ಇವೂ ಅಳೆಯುವ ಸರಕೆಂದು ಯಾರಿಗೆ ಗೊತ್ತಿತ್ತು.
ವಯಸ್ಸು?
ಐವತ್ತೇಳು, ಅಂದೆ ತಡಮಾಡದೆ.
ಆ ದಿನ ನಾನು ಸರಿಯಾಗಿ ಹೇಳಿದ ಒಂದೇ ಅಂಕಿ.

ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು:
ನೂರಾ ಎಪ್ಪತ್ತೆಂಟು, ನೂರಾ ನಾಲ್ಕು.
ಏರಿದ ಅಂಕಿ ಕಂಡರೆ
ಕೈ ಕೈ ಉಜ್ಜುವ ಅಂಗಡಿಯವನು ನಾನು;
ಕೈ ಮಡಿಲಲ್ಲೇ ಬಿದ್ದುಕೊಂಡಿತ್ತು.

ತಿಂಗಳಿಗೊಂದು ಸೂಜಿ, ಕಣ್ಣಿಗೇ.
ಬಂದಷ್ಟು ಬಂತು, ಎಷ್ಟೆಂದು ಹೇಳಲಾರರಂತೆ.
"ಇನ್ನೊಂದನ್ನಾದರೂ ಕಾಯ್ದುಕೊಳ್ಳಿ," ಅಂದರು.
ಮನೆ ಬಾಗಿಲಿಗೆ ಬಂದವರು
ಇನ್ನೊಂದು ಮಗುವಿನ ಬಗ್ಗೆ ಹೇಳುವ ಹಾಗೆ.

ಕಪ್ಪು ಕನ್ನಡಕ ಹಾಕಿಕೊಂಡು ಹೊರಟೆ.
ಗೇಟು ಬಿದ್ದಿತ್ತು.
ಬಲಗಣ್ಣು ಮುಚ್ಚಿ ನೋಡಿದೆ:
ತಂತಿಯಿದೆ, ಕಾಗೆಯಿದೆ, ಹೆಲ್ಮೆಟ್ಟುಗಳಿವೆ,
ಯಾರಿಗೂ ಕಾಲಿಲ್ಲ.
ಇಡೀ ದಾವಣಗೆರೆ ಹೊಗೆಯ ಮೇಲೆ ನಿಂತು
ಹಾರನ್ ಹೊಡೆಯುತ್ತಿದೆ.

ಪಕ್ಕದಲ್ಲಿ ನಮ್ಮ ಹಮಾಲಿ ದ್ಯಾಮಣ್ಣ.
ತನಗೊಂದು ಹಚ್ಚಿ, ನನಗೊಂದು ಚಾಚಿದ.
ಕೈ ಹೋಗಿಬಿಟ್ಟಿತು, ರೂಢಿ.
ತಗೊಂಡೆ. ಹಚ್ಚಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡೆ.
"ನಿನಗೆ ಬಿಪಿ ಐತೇನೋ?"
"ನನಗ್ಯಾಕಣ್ಣ ಬರ್ತೈತೆ," ನಕ್ಕ,
"ನೋಡ್ಸಿದ್ರೆ ತಾನೇ!"

ಆಮೇಲೆ ಗೂಡ್ಸ್ ಬಂತು.
ಡಬ್ಬಿ ಎಣಿಸಿದೆ.
ಎಡಗಣ್ಣಲ್ಲಿ ಚಕ್ರವಿಲ್ಲದೆ ತೇಲಿದವು,
ಬಲಗಣ್ಣಲ್ಲಿ ನಲವತ್ತೊಂದು.