ಕಂದು

ಹೂಟಗಳ್ಳಿಯ ಕೊನೆಯ ಸಾಲಿನ ಶೆಡ್ಡು ನಮ್ಮದು.
ಅತ್ತ ರಬ್ಬರು ಸುಡುವ ವಾಸನೆ, ಇತ್ತ ಲೇತಿನ ಕಿರುಚು.
ನಡುವೆ ನಾಲ್ಕು ಸಾವಿರ ಜಾಮ್ ಬಾಟಲಿ,
ನೀಲಿ ಮುಚ್ಚಳದಡಿ, ನಡುಗುವ ಅಗರಿನ ಗಂಜಿಯ ಮೇಲೆ
ಉಗುರಷ್ಟು ಹಸಿರು:
ನಂಜನಗೂಡಿನ ರಸಬಾಳೆ.

ಹೊಲದ ಮಣ್ಣಲ್ಲಿ ಸೊರಗು ರೋಗ ಅಡಗಿ ಕೂತಿದೆ,
ಅಲ್ಲಿಯ ಮರಿ ತಂದು ನೆಟ್ಟರೆ ರೋಗವನ್ನೂ ನೆಟ್ಟ ಹಾಗೆ.
ಬಾಳೆಯ ಮರಿಗೆ ನಮ್ಮ ಕಡೆ ಕಂದು ಅನ್ನುತ್ತಾರೆ.
ಕತ್ತರಿಸಿದ ಅಂಗಾಂಶ ಮುನಿಸಿಕೊಂಡು ಸಾಯುವಾಗ
ತಿರುಗುವ ಬಣ್ಣವೂ ಕಂದೇ.
ಒಂದರಿಂದ ಇನ್ನೊಂದನ್ನು ಬಿಡಿಸಲು ಕಲಿಯುವಷ್ಟರಲ್ಲಿ
ಆರು ವರ್ಷ, ಅಮ್ಮನ ಒಂದು ಜೊತೆ ಬಳೆ,
ವಿಜಯನಗರದ ಮೂವತ್ತು ನಲವತ್ತರ ಸೈಟು ಹೋಗಿತ್ತು.

ಬ್ಯಾಂಕಿನವರು ಕೇಳಿದರು: ಒತ್ತೆಗೆ ಏನಿದೆ?
'ಕೋಶಗಳಿವೆ ಸರ್' ಅಂದಳು ಫರ್ಹಾನಾ.
ಮ್ಯಾನೇಜರು ಕನ್ನಡಕ ಏರಿಸಿ ಹಿಗ್ಗಿದರು, ಭಂಡಾರವೆಂದುಕೊಂಡು.
ಬಾಟಲಿಯನ್ನು ಮೇಜಿನ ಮೇಲಿಟ್ಟೆವು,
ಜಪ್ತಿ ಮಾಡಿದರೆ ಸಂಜೆಗೆ ಬಾಡುವ ಆಸ್ತಿ.
ಎರಡೇ ಬೆರಳಲ್ಲಿ ಹಿಂದಕ್ಕೆ ತಳ್ಳಿದರು,
ಎಂಜಲು ಲೋಟ ತಳ್ಳಿದ ಹಾಗೆ.

ಇನ್ನೊಬ್ಬ ಬಂದಿದ್ದ, ಹೂಡಿಕೆಯವನು.
ಶೂ ಕಳಚಲು ಒಪ್ಪದೆ ಕಿಟಕಿಯಿಂದಲೇ ಎಲ್ಲ ನೋಡಿದ.
'ಒಂದು ಗಿಡ ಕೊಂಡವನು ಅದರ ಕಂದು ಕಿತ್ತು
ಪಕ್ಕದ ಹೊಲದವನಿಗೆ ಕೊಟ್ಟರೆ?
ತಡೆಯೋಕೆ ಏನಾದರೂ...'
ಆ ಅರ್ಧ ವಾಕ್ಯ
ನಮ್ಮ ಶುದ್ಧ ಕೋಣೆಗೆ ಹೊಕ್ಕ ಮೊದಲ ಬೂಷ್ಟು.
ಆ ವಾರ ಸಾಲವೂ ಇರಲಿಲ್ಲ, ಜನರೇಟರಿಗೆ ಡೀಸೆಲ್ಲೂ ಇರಲಿಲ್ಲ.
ನಿಜ ಹೇಳಿಬಿಡುತ್ತೇನೆ,
ಒಂದು ರಾತ್ರಿ ಕೂತು ನಾನು ಲೆಕ್ಕ ಹಾಕಿದೆ.

ಏಪ್ರಿಲಿನ ಗುಡುಗಿಗೆ ಕರೆಂಟು ಹೋಗಿದ್ದು ಹನ್ನೊಂದು ಗಂಟೆ.
ಎಂಟುನೂರು ಬಾಟಲಿ ಕಂದಿದವು.

ಹುಲ್ಲಹಳ್ಳಿ ದಾರಿಯ ಒಂದೂರು, ಡೈರಿಯ ಅಂಗಳ.
ಪ್ರೊಜೆಕ್ಟರು ಬಿಸಿಲಿಗೆ ಸೋತು ಗೋಡೆ ಬರೀ ಬೆಳ್ಳಗೆ.
'ಕುಲಾಂತರಿಯಂತೆ' ಅಂದರು ಯಾರೋ ಹಿಂದಿನಿಂದ.
ಅಲ್ಲ, ಇದು ಅದಲ್ಲ, ಕತ್ತರಿಸಿ ಬೆಳೆಸಿದ್ದು ಅಷ್ಟೇ.
ಆದರೆ ಕುಲದ ಮಾತು ಎದ್ದ ಮೇಲೆ ಈ ನೆಲದಲ್ಲಿ
ಸ್ಲೈಡಿಗೆ ಕಿವಿ ಕೊಡುವವರು ಯಾರು?
ಮಣ್ಣು ಮುಟ್ಟದೆ ಹುಟ್ಟಿದ್ದನ್ನು ತಿಂದರೆ ಬಸಿರು ನಿಲ್ಲುತ್ತದೋ?
ನನಗೆ ನಗು ಬಂದಿತ್ತು.
ಕಂಬದ ಮರೆಯಲ್ಲಿ ಒಬ್ಬಳು ಹೊಟ್ಟೆಯ ಮೇಲೆ
ಕೈ ಇಟ್ಟುಕೊಂಡದ್ದು ಕಂಡು ನಿಂತಿತು.

ಚಿಕ್ಕತಾಯಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು.
'ಇಸವೋ ಅಮೃತವೋ ಆಮೇಕೆ ನೋಡುಮ.
ಇದು ಕಂದು ಹೊಡುದ್ರೆ, ಆ ಕಂದು ಯಾರ್ದು?
ನನ್ ಮಗಳ ಮನೆಗೆ ಕೊಡ್‌ಬೋದಾ,
ಇಲ್ಲ ಸಲಸಲಕ್ಕೂ ನಿನ್ ಬಾಗಿಲಿಗೆ ಬರ್‌ಬೇಕಾ?'

ಮೂವತ್ತೆರಡು ಸ್ಲೈಡು ಮಾಡಿದ್ದೆ,
ಇದಕ್ಕೆ ಒಂದೂ ಇರಲಿಲ್ಲ.
ಫರ್ಹಾನಾ ನನ್ನ ಮುಖ ನೋಡಿದಳು. ಲೆಕ್ಕದ ಆ ರಾತ್ರಿ
ಅವಳಿಗೂ ಗೊತ್ತಿತ್ತೋ ಏನೋ.
'ನಿಮ್ಮದೇ' ಅಂದೆ.
ಅಂದ ಮೇಲೆ ಹೂಡಿಕೆಯವನ ಕೋಟಿ
ಗಂಟಲಲ್ಲಿ ಒಣಗಿ ಕೂತಿತು.
'ಬರ್ದು ಕೊಡು.'
ಹಾಲಿನ ಚೀಟಿಯ ಬೆನ್ನ ಮೇಲೆ ಬರೆದು ಸಹಿ ಹಾಕಿದೆ.
ಅವಳು ಒಂದು ಬಾಟಲಿ ಕೇಳಿ ಇಸಿದುಕೊಂಡಳು,
ಗಾಜಿಗೆ ಕಾಡಿಗೆಯ ಬೊಟ್ಟಿಟ್ಟಳು.

ಬೆಂಗಳೂರಿನಲ್ಲಿ ನಮ್ಮ ಫೈಲು ಇನ್ನೂ ಮೂರನೇ ಮಹಡಿಯಲ್ಲೇ ಇದೆ.
ಎರಡನೆಯದರಿಂದ ಏರಲು ಹದಿನೇಳು ತಿಂಗಳು ಹಿಡಿದಿತ್ತು.

ಹನ್ನೆರಡನೇ ದಿನ ಫೋನು.
'ಮುಚ್ಚಳ ತಗ್ದು ಮೂಸ್ದೆ ಕಣವ್ವ.
ಬೂಷ್ಟು ಬಂದದೆ. ಹೋಯ್ತು ನಿನ್ ಕೂಸು.'
ನಾನು ಸುಮ್ಮನಿದ್ದೆ. ಆ ಕಡೆ ಎಮ್ಮೆಯೊಂದು ಕೂಗಿತು.
'ಇನ್ನೊಂದ್ ತತ್ತಾ.
ಈ ಸಲ ಮುಟ್ಟಾಕಿಲ್ಲ.'