ಕಾರಣದ ಕಾಲಂ

ಸೊರಬದ ಆಸ್ಪತ್ರೆಯ ಹಿಂದಿನ ಕೋಣೆ ಖಾಲಿ ಮಾಡುವ ದಿನ
ಗುಮಾಸ್ತ ತೇಜಪ್ಪ ಉದ್ದ ರಿಜಿಸ್ಟರೊಂದನ್ನು ತಂದು ಮುಂದಿಟ್ಟ.
ಕ್ರಮಸಂಖ್ಯೆ, ವಸ್ತು, ನಗ,
ಕಡೆಗೆ ಬೆರಳಗಲದ ಒಂದು ಕಾಲಂ:
ಬಳಕೆಯಲ್ಲಿ ಇಲ್ಲದಿರಲು ಕಾರಣ.
"ನೀವೇ ಬರೀರಿ ಸಿಸ್ಟರ್, ನಿಮಗಿಂತ ಹಳಬರು
ಇಲ್ಲಿ ಯಾರಿದ್ದಾರೆ, ಆ ಕಬ್ಬಿಣದ ಮಂಚ ಬಿಟ್ಟರೆ."

ಗಾಜಿನ ಸಿರಿಂಜು, ಹನ್ನೊಂದು.
ಸ್ಟೋವಿನ ಮೇಲೆ ಕುದಿಯುತ್ತ
ಚಳಿ ಹತ್ತಿದವರ ಹಲ್ಲಿನ ಹಾಗೆ ಕಟಕಟ ಅನ್ನುತ್ತಿದ್ದವು.
ಸೂಜಿ ಮೊಂಡಾದರೆ ಕಾಂಪೌಂಡರ್ ಗುತ್ಯಪ್ಪ
ಗುಡಿಗಾರರ ಮನೆಯಿಂದ ತಂದ ಸಾಣೆಕಲ್ಲಿಗೆ ಎಣ್ಣೆ ಬಿಟ್ಟು
ಗಂಧದ ಕೆತ್ತನೆಯ ಉಳಿಯೇನೋ ಎಂಬಂತೆ ಮಸೆಯುತ್ತಿದ್ದ.
ನೀರು ಕುದಿಯುವ ಇಪ್ಪತ್ತು ನಿಮಿಷ
ಬೆಂಚಿನ ಮೇಲೆ ಕೂತ ರೋಗಿ ಎಲ್ಲ ಹೇಳುತ್ತಿದ್ದ:
ಜ್ವರ, ಜ್ವರಕ್ಕೂ ಮೊದಲು ಎಮ್ಮೆ ಸತ್ತದ್ದು,
ಎಮ್ಮೆಗೂ ಮೊದಲು ಅಣ್ಣನ ಜೊತೆ ಮಾತು ಬಿಟ್ಟದ್ದು.
ಅರ್ಧ ಕಾಯಿಲೆ ಆ ಹಬೆಯಲ್ಲೇ ಹೋಗುತ್ತಿತ್ತು.
ಇನ್ನರ್ಧ ಒಬ್ಬರ ಮೈಯಿಂದ ಇನ್ನೊಬ್ಬರಿಗೆ ದಾಟಿತೋ ಏನೋ,
ಸಂತೆಯ ದಿನ ಇಪ್ಪತ್ತು ನಿಮಿಷ ಐದಾಗುತ್ತಿತ್ತಲ್ಲ.
ಬರೆದೆ: ಸೋಂಕು.
ಹಬೆಯ ವಿಷಯಕ್ಕೆ ಕಾಲಮ್ಮಿನ ಅಗಲ ಸಾಲದು.

ನಾಯಿಕಡಿತದ ಸೂಜಿಗಳು.
ಹೊಕ್ಕುಳ ಸುತ್ತ ಹದಿನಾಲ್ಕು, ದಿನಕ್ಕೊಂದರಂತೆ.
ಉಳವಿಯ ಹುಡುಗನೊಬ್ಬ ಒಂಬತ್ತಕ್ಕೇ ಓಡಿದ,
ದಂಡಾವತಿಯ ಸೇತುವೆಯ ಮೇಲೆ ಅವನಪ್ಪ ಹಿಡಿದು
ಹೆಗಲ ಮೇಲೆ ಹೊತ್ತು ತಂದ, ಇಬ್ಬರೂ ಅಳುತ್ತ.
ಈಗ ತೋಳಿಗೆ ನಾಲ್ಕೋ ಐದೋ.
ಬರೆದೆ: ಇದಕ್ಕಿಂತ ಒಳ್ಳೆಯದು ಬಂತು.
ಎಲ್ಲವೂ ಇಷ್ಟು ಸುಲಭ ಇದ್ದಿದ್ದರೆ.

"ಇದೇನಕ್ಕ, ಹಾಲಿನ ಕ್ಯಾನಾ?"
ಹೊಸ ನರ್ಸು ಮೆಹಜಬೀನ್, ಆನವಟ್ಟಿಯವಳು,
ಬಿಳಿ ಎನಾಮೆಲ್ಲಿನ ಡಬ್ಬಿ ಎತ್ತಿ ಹಿಡಿದಿದ್ದಾಳೆ.
ನೀಲಿ ಅಂಚು, ತಳದಲ್ಲೊಂದು ಮೂತಿ,
ರಬ್ಬರ್ ಕೊಳವೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟಿದೆ.
ಎನಿಮಾ ಡಬ್ಬಿ, ಅಂದೆ.
ಹೆರಿಗೆ ನೋವಿನವಳು ಬಾಗಿಲು ದಾಟಿದೊಡನೆ
ಮೊದಲು ಬ್ಲೇಡು, ಆಮೇಲೆ ಇದು. ಸೋಪಿನ ನೀರು, ಉಗುರುಬೆಚ್ಚಗೆ.
ಎರಡು ನೋವಿನ ನಡುವೆ ಎದ್ದು
ಅಂಗಳದಾಚೆಯ ಪಾಯಖಾನೆಗೆ ಓಡಬೇಕು, ಸೀರೆ ಕೈಯಲ್ಲಿ ಹಿಡಿದು.

"ಯಾಕೆ?"

ನನಗೆ ಹಾಗೆ ಕಲಿಸಿದ್ದರು.
ಕಲಿಸಿದವರಿಗೆ ಇನ್ಯಾರೋ ಕಲಿಸಿದ್ದರು.
ಮಗುವಿಗೆ ಒಳ್ಳೆಯದು ಅನ್ನುತ್ತಿದ್ದೆ. ಸಮವಸ್ತ್ರ ತೊಟ್ಟು
ಗಟ್ಟಿ ದನಿಯಲ್ಲಿ ಹೇಳಿದರೆ ಯಾರು ಎದುರಾಡುತ್ತಾರೆ?
ಒಬ್ಬಳು ಆಡಿದಳು. ಕೆರಿಯಮ್ಮ ಅಂತ, ಐದನೆಯ ಬಸಿರು,
ಗೋಡೆಗೆ ಅಂಗೈ ಊರಿ ನಿಂತು ಅಂದಳು:
"ಇದ್ ಬ್ಯಾಡ ಸಿಸ್ಟ್ರಮ್ಮ, ಇದಿಲ್ದೆ ನಾಕು ಹಡ್ದಿದೀನಿ."
ಗದರಿದೆ. ಮಲಗಿದಳು.

ವರ್ಷಗಳಾದ ಮೇಲೆ ಸುತ್ತೋಲೆ ಬಂತು, ಎರಡು ಸಾಲು:
ಪ್ರಯೋಜನ ಕಂಡುಬಂದಿರುವುದಿಲ್ಲ,
ಇನ್ನು ಮುಂದೆ ಮಾಮೂಲಾಗಿ ಮಾಡತಕ್ಕದ್ದಲ್ಲ.
ಡಬ್ಬಿಯನ್ನು ಮೊಳೆಯಿಂದ ಇಳಿಸಿದೆವು. ಅಷ್ಟೇ.
ಅದು ತೂಗಿದ್ದಲ್ಲಿ ಗೋಡೆ ಬಹಳ ದಿನ
ಹುಣ್ಣಿಮೆಯ ಹಾಗೆ ದುಂಡಗೆ ಬೆಳ್ಳಗಿತ್ತು.
ಹೆರಿಗೆಗಳು ಆದವು, ಮಕ್ಕಳು ಅತ್ತವು,
ಏನೂ ಕೆಡಲಿಲ್ಲ.
ಏನಾದರೂ ಒಂದು ಕೆಟ್ಟಿದ್ದರೆ
ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಹೊರಗೆ ಗುಜರಿಯವನ ಟೆಂಪೊ ಹಾರ್ನು ಹೊಡೆಯಿತು.
"ತುಕ್ಕು ಅಂತ ಬರೀರಿ ಸಿಸ್ಟರ್, ಎಲ್ಲಕ್ಕೂ ನಡೆಯುತ್ತದೆ."
ತುಕ್ಕಿಲ್ಲ. ಅಂಚಿನಲ್ಲಿ ಎರಡು ಕಡೆ ಬಣ್ಣ ಚಕ್ಕೆ ಎದ್ದಿದೆ.
ಪೆನ್ನು ಕೊಡವಿಕೊಂಡು ಬರೆದೆ:
ಕೆರಿಯಮ್ಮ ಹೇಳಿದ್ದರು.

ತೇಜಪ್ಪ ಮೊಹರು ಒತ್ತಿದ, ಆಮೇಲೆ ಓದಿದ.
ಕನ್ನಡಕ ಹಣೆಗೇರಿಸಿ ಕೇಳಿದ,
"ಕೆರಿಯಮ್ಮ ಅಂದರೆ, ಯಾವ ಡಾಕ್ಟ್ರು?"